ರೇಷನ್ ವಾರ, ಪಾಠದ ವೇಳೆ ಮತ್ತು ಹನ್ನೆರಡನೇ ತರಗತಿಯ ಹುಡುಗರು: ಪೋಷಕರಿಗೆ ಪತ್ರ

ನ್ಯೂಜೆರ್ಸಿ
ಫೆಬ್ರವರಿ 15, 1943

ಪ್ರಿಯ ಪೋಷಕರೇ,

ಬರುವ ಸೋಮವಾರ 22ರಿಂದ ಶನಿವಾರ 27ರವರೆಗೆ ನಮ್ಮ ಹೈಸ್ಕೂಲು ಅರ್ಧ ದಿನ ಶಾಲೆ, ಅರ್ಧ ದಿನ ರೇಷನ್ ಕಚೇರಿ. ಡಬ್ಬಿಯ ಆಹಾರ ಕೊಳ್ಳಲು ಬೇಕಾಗುವ ಎರಡನೇ ರೇಷನ್ ಪುಸ್ತಕದ ನೋಂದಣಿ ಇಲ್ಲೇ ನಡೆಯುತ್ತದೆ. ಮೇಜಿನ ಆಚೆ ಕೂತು ಬರೆದುಕೊಳ್ಳುವವರು ನಿಮ್ಮ ಮಕ್ಕಳ ಮೇಷ್ಟ್ರುಗಳು, ಟೀಚರುಗಳೇ. ಕಳೆದ ಮೇ ತಿಂಗಳಲ್ಲಿ ಸಕ್ಕರೆಯ ಪುಸ್ತಕ, ಅಂದರೆ ಮೊದಲ ರೇಷನ್ ಪುಸ್ತಕ, ಬರೆದವರೂ ಅವರೇ. ಸೋಮವಾರ ವಾಷಿಂಗ್ಟನ್ ಜಯಂತಿ, ಪಾಠ ಇಲ್ಲ. ಮಂಗಳವಾರದಿಂದ ಶುಕ್ರವಾರದವರೆಗೆ ಪಾಠ 12.30ಕ್ಕೆ ಮುಗಿಯುತ್ತದೆ. ನೋಂದಣಿ ಪ್ರತಿದಿನ 1.30ರಿಂದ ರಾತ್ರಿ 8ರವರೆಗೆ, ಜಿಮ್ನಾಷಿಯಮ್ಮಿನಲ್ಲಿ. ನೀವು ಮನೆಯಲ್ಲೇ ಲೆಕ್ಕ ಸರಿಮಾಡಿಕೊಂಡು ಬಂದರೆ ಒಂದು ಸಂಸಾರದ ಕೆಲಸಕ್ಕೆ ಐದು ನಿಮಿಷ ಸಾಕು. ಕೌಂಟರಿನ ಮುಂದೆ ನಿಂತು ಡಬ್ಬಿಗಳನ್ನು ನೆನಪಿಸಿಕೊಳ್ಳುತ್ತಾ ಹೋದರೆ ಇಪ್ಪತ್ತು ನಿಮಿಷವೂ ಸಾಲದು. ಆ ಹೊತ್ತು ಹೋಗುವುದು ಮಾರನೇ ದಿನದ ಪಾಠದ ತಯಾರಿಯಿಂದ.

ಮನೆಗೊಬ್ಬರು ಬಂದರೆ ಸಾಕು. ಆದರೆ ಮನೆಯ ಎಲ್ಲರ ಮೊದಲ ರೇಷನ್ ಪುಸ್ತಕವೂ, ಕೂಸಿನದ್ದೂ ಸೇರಿ, ಜೊತೆಯಲ್ಲಿರಲಿ. ಭಾನುವಾರ 21ರಂದು ಅಡುಗೆಮನೆ, ನೆಲಮಾಳಿಗೆ ಎರಡನ್ನೂ ನೋಡಿ ಅಂಗಡಿಯಿಂದ ತಂದ ಡಬ್ಬಿಗಳನ್ನು ಎಣಿಸಿ: ಹಣ್ಣು, ತರಕಾರಿ, ರಸ, ಸೂಪ್, ಟೊಮೆಟೊ ಕೆಚಪ್, 8 ಔನ್ಸಿನವು ಮತ್ತು ಅದಕ್ಕಿಂತ ದೊಡ್ಡವು. ಗಾಜಿನ ಬಾಟಲಿಯಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲೇ ಕುದಿಸಿ ತುಂಬಿಟ್ಟದ್ದು, ಜಾಮ್, ಉಪ್ಪಿನಕಾಯಿ, ಮೀನು ಮತ್ತು ಮಾಂಸದ ಡಬ್ಬಿ ಬೇಡ. ತಲಾ ಐದು ಡಬ್ಬಿಗೆ ವಿನಾಯಿತಿ ಇದೆ. ಅದರ ಮೇಲಿನ ಪ್ರತಿ ಡಬ್ಬಿಗೆ ಹೊಸ ಪುಸ್ತಕದಿಂದ 8 ಪಾಯಿಂಟಿನ ಒಂದು ನೀಲಿ ಚೀಟಿ ಕಿತ್ತುಕೊಳ್ಳಬೇಕೆಂಬುದು ನಿಯಮ. ನಾಲ್ಕು ಜನರ ಮನೆಯಲ್ಲಿ 23 ಡಬ್ಬಿ ಇದ್ದರೆ ಮೂರು ಚೀಟಿ ಹೋಗುತ್ತದೆ. ಕಾಫಿಪುಡಿಯ ಲೆಕ್ಕ ಮಾತ್ರ ಈಗಿನದ್ದಲ್ಲ, ಕಳೆದ ನವೆಂಬರ್ 28ರಂದು ಮನೆಯಲ್ಲಿ ಎಷ್ಟಿತ್ತೋ ಅದು, ದೊಡ್ಡವರಿಗೆ ತಲಾ ಒಂದು ಪೌಂಡ್ ಬಿಟ್ಟು. ಹೆಚ್ಚು ಜನ ತಪ್ಪುವುದು ಇಲ್ಲೇ. ಪಕ್ಕದ ಮನೆಯ ಎಣಿಕೆಯ ಬಗ್ಗೆ ದಯವಿಟ್ಟು ಟೀಚರುಗಳ ಕಿವಿಯಲ್ಲಿ ಏನೂ ಹೇಳಬೇಡಿ. ಅವರು ಬರೆದುಕೊಳ್ಳುವವರು, ಪತ್ತೇದಾರರಲ್ಲ.

ಮೊದಲ ಪುಸ್ತಕವನ್ನು ನಿಮಗೆ ವಾಪಸು ಕೊಡುತ್ತೇವೆ, ಬಿಸಾಡಬೇಡಿ. ಸಕ್ಕರೆ ಮತ್ತು ಕಾಫಿ ಅದರಲ್ಲೇ ಇದೆ. ಕಳೆದ ವಾರದಿಂದ ಬೂಟಿಗೂ ಅದರ 17ನೇ ಚೀಟಿಯೇ ಬೇಕು: ಜೂನ್ 15ರವರೆಗೆ ಒಬ್ಬರಿಗೆ ಒಂದೇ ಜೊತೆ. ಚೀಟಿಯನ್ನು ಮನೆಯಲ್ಲೇ ಹರಿದು ಮಗುವಿನ ಕೈಗೆ ಕೊಟ್ಟು ಅಂಗಡಿಗೆ ಕಳಿಸಿದರೆ ಅದು ಚಲಾವಣೆಯಾಗುವುದಿಲ್ಲ. ಅಂಗಡಿಯವರ ಕಣ್ಣೆದುರೇ ಹರಿಯಬೇಕು. ಬೂಟಿನ ಅಭಾವದಿಂದಾಗಿ ಕಸರತ್ತಿನ ತರಗತಿಗೆ ಚರ್ಮದ ಬೂಟು ಬೇಡವೆಂದು ಹೇಳಿದ್ದೇವೆ. ಹಗ್ಗ ಹತ್ತುವಾಗ ಅಟ್ಟೆ ಕಿತ್ತುಬರುತ್ತದೆ.

ಇನ್ನು ಹನ್ನೆರಡನೇ ತರಗತಿಯ ಹುಡುಗರ ವಿಷಯ. ಇದನ್ನು ನಿಧಾನವಾಗಿ ಓದಿ. ಕಳೆದ ನವೆಂಬರಿನಿಂದ ಸೇನೆಯ ಕಡ್ಡಾಯ ಭರ್ತಿಯ ವಯಸ್ಸು 18ಕ್ಕೆ ಇಳಿದಿದೆ. ಹದಿನೆಂಟು ತುಂಬಿದ ದಿನವೇ ಹುಡುಗ ಹೋಗಿ ಹೆಸರು ಬರೆಸಬೇಕು. ಅಷ್ಟು ಮಾತ್ರಕ್ಕೆ ಅವನು ನಾಳೆಯೇ ಶಾಲೆ ಬಿಡಬೇಕಾಗಿಲ್ಲ. ಶಾಲಾ ವರ್ಷದ ಎರಡನೇ ಅರ್ಧದಲ್ಲಿ ಕರೆ ಬಂದರೆ, ಹೈಸ್ಕೂಲು ವಿದ್ಯಾರ್ಥಿ ಕೇಳಿಕೊಂಡ ಪಕ್ಷದಲ್ಲಿ, ವರ್ಷ ಮುಗಿಯುವವರೆಗೆ ಭರ್ತಿಯನ್ನು ಮುಂದೂಡಲೇಬೇಕೆಂದು ಅದೇ ಕಾನೂನಿನಲ್ಲಿದೆ. ನಮ್ಮ ಎರಡನೇ ಅರ್ಧ ಈಗಾಗಲೇ ಶುರುವಾಗಿದೆ. ಕೇಳುವುದು ಹುಡುಗನೇ ಆಗಿರಬೇಕು; ಸ್ಥಳೀಯ ಭರ್ತಿ ಮಂಡಳಿಗೆ ಅವನೇ ಬರೆಯಲಿ. ಶಾಲೆಯ ದಾಖಲೆಪತ್ರ ನಮ್ಮ ಕಚೇರಿಯಲ್ಲಿ ಅದೇ ದಿನ ಸಿಗುತ್ತದೆ. ಕೇಳದೆ ಸುಮ್ಮನಿದ್ದರೆ ಯಾರೂ ತಾವಾಗಿ ಮುಂದೂಡುವುದಿಲ್ಲ.

ಹದಿನೇಳರ ಹುಡುಗರನ್ನು ನೌಕಾಪಡೆ ಸೇರಿಸಿಕೊಳ್ಳುತ್ತದೆ, ಆದರೆ ತಂದೆತಾಯಿಯ ಸಹಿ ಬೇಕು. ಸಹಿ ಹಾಕುವುದು ಬಿಡುವುದು ನಿಮಗೆ ಸೇರಿದ್ದು. ನಮ್ಮ ಅಭಿಪ್ರಾಯ ಕೇಳುವಿರಾದರೆ, ಜೂನ್‌ವರೆಗೆ ತಡೆಯಿರಿ. ತ್ರಿಕೋನಮಿತಿ ಮತ್ತು ವಿದ್ಯುತ್ತಿನ ಮೂಲಪಾಠ ಮುಗಿಸಿ ಹೋದ ಹುಡುಗನಿಗೆ ಅಲ್ಲಿ ರೇಡಿಯೊ ತರಬೇತಿಯ ಬಾಗಿಲು ತೆರೆಯುವುದು ಸುಲಭ.

ಅದೇ ವಿದ್ಯುತ್ತಿನ ಪಾಠ ಹೇಳುವವರು ಯಾರು ಎಂದು ಕೆಲವರು ಕೇಳಿದ್ದೀರಿ. ಭೌತಶಾಸ್ತ್ರದ ಮೇಷ್ಟ್ರು ಸೇನೆಯಲ್ಲಿದ್ದಾರೆ. ಮರಗೆಲಸದ ಮೇಷ್ಟ್ರು ವಿಮಾನದ ಕಾರ್ಖಾನೆ ಸೇರಿದ್ದಾರೆ. ಅಲ್ಲಿನ ಸಂಬಳದ ಮುಂದೆ ನಮ್ಮದು ಏನೂ ಅಲ್ಲ, ಅವರನ್ನು ದೂರಲಾರೆವು. ಮದುವೆಯಾದ ಹೆಂಗಸರಿಗೆ ಕೆಲಸವಿಲ್ಲ ಎಂಬ ಹಳೆಯ ನಿಯಮವನ್ನು ಶಾಲಾ ಮಂಡಳಿ ಕೈಬಿಟ್ಟಿದೆ. ಮದುವೆಯಾದದ್ದಕ್ಕೇ ಹಿಂದೆ ಕೆಲಸ ಬಿಡಬೇಕಾಗಿ ಬಂದಿದ್ದ ಇಬ್ಬರು ಈಗ ವಾಪಸು ಬಂದು ಗಣಿತ, ರಸಾಯನಶಾಸ್ತ್ರ ಹೇಳುತ್ತಿದ್ದಾರೆ. ಆ ನಿಯಮ ಮೊದಲೇ ಹೋಗಬೇಕಿತ್ತು. ಭೌತಶಾಸ್ತ್ರಕ್ಕೆ ನಿವೃತ್ತರೊಬ್ಬರು ಬಂದಿದ್ದಾರೆ, ಎರಡು ವಿಭಾಗ ಸೇರಿಸಿ 46 ಮಕ್ಕಳು. ಟೈಪ್‌ರೈಟರಿಗೆ ಇಬ್ಬರು, ಒಬ್ಬರು ಹೊಡೆಯುವಾಗ ಇನ್ನೊಬ್ಬರು ಶೀಘ್ರಲಿಪಿ ಅಭ್ಯಾಸ ಮಾಡುತ್ತಾರೆ. ಹೊಸ ಯಂತ್ರಗಳ ತಯಾರಿಕೆ ನಿಂತಿದೆ, ಇದ್ದವುಗಳಲ್ಲಿ ಕೆಲವನ್ನು ಸರ್ಕಾರಕ್ಕೆ ಮಾರಿದ್ದೇವೆ.

ಮರಗೆಲಸದ ಕೊಠಡಿ ಮಾತ್ರ ಮುಚ್ಚಿಲ್ಲ. ನೌಕಾಪಡೆ ಕಳೆದ ವರ್ಷ ದೇಶದ ಶಾಲೆಗಳಿಂದ 50 ಬಗೆಯ 5 ಲಕ್ಷ ವಿಮಾನದ ಮಾದರಿಗಳನ್ನು ಕೇಳಿತ್ತು. ಆ ಕೆಲಸ ಇಲ್ಲೂ ಮುಂದುವರಿದಿದೆ. ಆರು ಅಡಿಗೆ ಒಂದು ಇಂಚು ಅಳತೆ. ರೆಕ್ಕೆಯ ತುದಿಯಿಂದ ತುದಿಗೆ 38 ಅಡಿಯ ವೈಲ್ಡ್‌ಕ್ಯಾಟ್ ಯುದ್ಧವಿಮಾನ ನಮ್ಮ ಮೇಜಿನ ಮೇಲೆ ಆರು ಇಂಚು ಮತ್ತು ಮೂರನೇ ಒಂದು ಭಾಗ. ಇದನ್ನು 35 ಅಡಿ ದೂರದಿಂದ ನೋಡಿದರೆ ನಿಜವಾದ ವಿಮಾನ ಅರ್ಧ ಮೈಲಿಯಾಚೆ ಕಂಡಂತೆ ಕಾಣುತ್ತದೆ. ಗುಂಡು ಹೊಡೆಯುವವರು ಆಕಾರ ನೋಡಿಯೇ ನಮ್ಮದೋ ಶತ್ರುವಿನದೋ ಹೇಳಬೇಕಾದ್ದರಿಂದ ಇಡೀ ಮಾದರಿಗೆ ಕಪ್ಪು ಬಣ್ಣ. ಗುರುತು, ಕಿಟಕಿ ಯಾವುದೂ ಇಲ್ಲ.

ಮೊದಲು ನಕ್ಷೆಯಿಂದ ರಟ್ಟಿನ ಅಚ್ಚು ಕತ್ತರಿಸಿಕೊಳ್ಳುತ್ತಾರೆ. ಪೈನ್ ಮರದ ತುಂಡನ್ನು ಗರಗಸದಿಂದ ಸ್ಥೂಲವಾಗಿ ಕೊಯ್ದು, ಚಾಕುವಿನಿಂದ ಹೆರೆದು, ನಾಲ್ಕಾರು ಕಡೆ ಅಚ್ಚು ಹಿಡಿದು ಕಿಟಕಿಯ ಬೆಳಕಿಗೆ ನೋಡುತ್ತಾರೆ. ಅಚ್ಚಿಗೂ ಮರಕ್ಕೂ ನಡುವೆ ಬೆಳಕು ಹಾಯ್ದರೆ ಅಲ್ಲಿ ಹೆಚ್ಚು ಹೆರೆದಿದೆ ಎಂದರ್ಥ. ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಹಸಿ ಮರವಾದರೆ ಹೀಟರಿನ ಹತ್ತಿರ ಒಂದು ರಾತ್ರಿ ಇಟ್ಟರೂ ರೆಕ್ಕೆ ತಿರುಚಿಕೊಳ್ಳುತ್ತದೆ. ಇನ್ನೊಂದು, ಅಂಟು ಒಣಗುವ ಮುಂಚೆ ಕೈ ತೆಗೆದರೆ ರೆಕ್ಕೆಯ ಏರುಕೋನ ಕುಸಿಯುತ್ತದೆ. ಕೋನ ತಪ್ಪಿದರೆ ಅದು ಬೇರೆಯೇ ವಿಮಾನ. ಎಷ್ಟು ನುಣುಪಾಗಿದ್ದರೂ ತಿರಸ್ಕೃತ. ಮನೆಯಲ್ಲಿ ಒಣಗಿದ ಪೈನ್ ತುಂಡು, ಅಂಗಿಯ ಜೊತೆ ಬರುವ ರಟ್ಟು, ಬಳಸಿದ ಉಪ್ಪುಕಾಗದ ಇದ್ದರೆ ಕಳಿಸಿಕೊಡಿ.

ಯುದ್ಧ ಉಳಿತಾಯದ ಸ್ಟಾಂಪು ಮಾರಾಟ ಮೊದಲಿನಂತೆ ಮಂಗಳವಾರ. 25 ಸೆಂಟಿನವು 75 ಅಂಟಿಸಿದರೆ 18 ಡಾಲರ್ 75 ಸೆಂಟ್, ಹತ್ತು ವರ್ಷಕ್ಕೆ 25 ಡಾಲರಾಗುವ ಬಾಂಡ್. 10 ಸೆಂಟಿನವು 187 ತುಂಬಿದ ಮೇಲೂ ಐದು ಸೆಂಟ್ ಕೈಯಿಂದ ಕೊಡಬೇಕು, ಮಕ್ಕಳಿಗೆ ಮೊದಲೇ ಹೇಳಿಡಿ. ಸ್ಟಾಂಪು ಕೊಳ್ಳುವ ಶಾಲೆಗೆ ಗೌರವವಾಗಿ ಸಿಗುವ ಮಿನಿಟ್‌ಮನ್ ಬಾವುಟಕ್ಕೆ ನೂರರಲ್ಲಿ ತೊಂಬತ್ತು ಮಕ್ಕಳು ಕೊಳ್ಳಬೇಕು, ನಿಜ. ಅದಕ್ಕಾಗಿ ಕೊಳ್ಳಲಾಗದ ಮಗುವನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಕೂಡದೆಂದು ಅಧ್ಯಾಪಕರಿಗೆ ತಿಳಿಸಿದ್ದೇವೆ. ಜರ್ಮನ್, ಇಟಾಲಿಯನ್ ಹೆಸರಿನ ಮಕ್ಕಳನ್ನು ಅಣಕಿಸುವುದಕ್ಕೂ ಇದೇ ಕಟ್ಟುನಿಟ್ಟು. ಅವರಲ್ಲಿ ಹಲವರ ಅಣ್ಣಂದಿರು ನಮ್ಮ ಸೇನೆಯಲ್ಲೇ ಇದ್ದಾರೆ.

ಯುದ್ಧಕಾಲದ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಬೆಳಿಗ್ಗೆ ಏಳೂವರೆಗೂ ಕತ್ತಲೆ. ಟಯರು ಉಳಿಸಲು ಬಸ್ಸಿನ ನಿಲ್ದಾಣ ಕಡಿಮೆ ಮಾಡಿರುವ ಕಾರಣ ಮಕ್ಕಳು ರಸ್ತೆಬದಿ ನಡೆಯಬೇಕಾಗಿದೆ. ತೋಳಿಗೊಂದು ಬಿಳಿ ಕರವಸ್ತ್ರ ಕಟ್ಟಿ ಕಳಿಸಿ. ಎಣ್ಣೆಯ ರೇಷನ್ನಿನಿಂದ ಕೊಠಡಿಯ ಶಾಖ 65 ಡಿಗ್ರಿ ಫ್ಯಾರನ್‌ಹೀಟ್ ದಾಟುವುದಿಲ್ಲ, ಸ್ವೆಟರ್ ಇರಲಿ. ವಾಯುದಾಳಿಯ ಸೈರನ್ ಕೇಳಿದರೆ ಶಾಲೆಗೆ ಫೋನ್ ಮಾಡಬೇಡಿ, ಕರೆದೊಯ್ಯಲು ಓಡಿ ಬರಬೇಡಿ. ಮಕ್ಕಳು ಕಿಟಕಿಯಿಲ್ಲದ ಒಳ ಮೊಗಸಾಲೆಯಲ್ಲಿರುತ್ತಾರೆ. ಮೋಜಿನ ಕಾರು ಸವಾರಿಗೆ ನಿಷೇಧವಿರುವುದರಿಂದ ಹೊರಊರಿನ ಬಾಸ್ಕೆಟ್‌ಬಾಲ್ ಪಂದ್ಯಗಳೆಲ್ಲ ರದ್ದು. ಊರೊಳಗಿನವು ನಡೆಯುತ್ತವೆ, ನಡೆದು ಬನ್ನಿ.

ನೋಂದಣಿ ಮೇಜಿಗೆ ಪೋಷಕರಲ್ಲಿ ಅಕ್ಷರ ಚೆನ್ನಾಗಿರುವ ಇಪ್ಪತ್ತು ಜನ ಬೇಕು. ಇಬ್ಬರು ಪೋಷಕರು ಕೂತರೆ ಒಬ್ಬ ಅಧ್ಯಾಪಕರು ಪಾಠದ ತಯಾರಿಗೆ ಮರಳಬಹುದು. ಕೆಳಗಿನ ಚೀಟಿಯನ್ನು ಗುರುವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು

ಇಲ್ಲಿ ಹರಿಯಿರಿ
ಪೋಷಕರ ಹೆಸರು: ..........
ಬರಬಹುದಾದ ದಿನ: ಸೋಮ / ಮಂಗಳ / ಬುಧ / ಗುರು / ಶುಕ್ರ / ಶನಿ
ವೇಳೆ: 1.30ರಿಂದ 4.45 / 4.45ರಿಂದ 8
ಸ್ವಂತ ಪೆನ್ನು ತರುತ್ತೇನೆ: ಹೌದು / ಇಲ್ಲ