ಒಂಟಿ ಸವಾರನಿಗೆ ಅರ್ಧ ದಾರಿಯಲ್ಲಿ ನೀರು ಬೇಕು

ಮಾನ್ಯ ಸಂಪಾದಕರೇ,

ಹೋದ ಡಿಸೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ, ಸಹ್ಯಾದ್ರಿಯ ಸೆರಗಿನ ಗುಡ್ಡವೊಂದರಲ್ಲಿ ನಡೆದ ಹನ್ನೆರಡು ತಾಸಿನ ಮೌಂಟೇನ್ ಬೈಕ್ (ಗುಡ್ಡಗಾಡಿನ ಸೈಕಲ್) ಸ್ಪರ್ಧೆಯಲ್ಲಿ ನಾನು ಒಂಟಿ ಸವಾರನಾಗಿ ಭಾಗವಹಿಸಿದ್ದೆ. ಇಂಥ ಸ್ಪರ್ಧೆಗಳನ್ನು ನಡೆಸುವವರಲ್ಲಿ ಒಂದೇ ಒಂದು ಕೋರಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಪ್ರತಿ ಸುತ್ತಿನ ಆರಂಭದ ಜಾಗದಲ್ಲಿ ಇರುವಂತೆ, ಸುತ್ತಿನ ಅರ್ಧ ದಾರಿಯಲ್ಲಿಯೂ ನೀರು, ಉಪ್ಪು ಸಕ್ಕರೆಯ ದ್ರಾವಣ ಮತ್ತು ಸವಾರರ ಲೆಕ್ಕ ಇಡುವ ಇಬ್ಬರು ಮನುಷ್ಯರು ಇರಬೇಕು.

ಈ ಆಟವನ್ನು ನೋಡದವರಿಗಾಗಿ ಎರಡು ಮಾತು. ಬೆಳಗಿನ ಆರೂವರೆಗೆ ಆರಂಭವಾಗಿ ಸಂಜೆ ಆರೂವರೆಗೆ ಮುಗಿಯುವ ಸ್ಪರ್ಧೆಯಲ್ಲಿ ಒಂಬತ್ತು ಕಿಲೋಮೀಟರಿನ ಗುಡ್ಡದ ಹಾದಿಯನ್ನು ಎಷ್ಟು ಸಲ ಸುತ್ತಿದರು ಎಂಬುದೇ ಫಲಿತಾಂಶ. ನಾಲ್ವರ ತಂಡದಲ್ಲಿ ಒಬ್ಬ ಸುತ್ತುವಾಗ ಮೂವರು ನೆರಳಲ್ಲಿ ಕುಳಿತು ಉಣ್ಣುತ್ತಾರೆ, ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾರೆ, ಬೇಕಾದರೆ ಒಂದು ನಿದ್ದೆಯನ್ನೂ ಮಾಡುತ್ತಾರೆ. ಒಂಟಿ ಸವಾರನಿಗೆ ಆ ಅವಕಾಶ ಇರುವುದಿಲ್ಲ. ಅವನು ನಿಂತಷ್ಟು ಹೊತ್ತು ಅವನ ಸುತ್ತುಗಳೂ ನಿಲ್ಲುತ್ತವೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 1992ರಲ್ಲಿ ಇಪ್ಪತ್ತನಾಲ್ಕು ತಾಸಿನ ಮೌಂಟೇನ್ ಬೈಕ್ ಸ್ಪರ್ಧೆ ಆರಂಭವಾದಾಗ ಅದು ತಂಡಗಳ ಆಟವೇ ಆಗಿತ್ತು. ಒಂಟಿ ಸವಾರರು ಆಮೇಲೆ ಬಂದು ಸೇರಿಕೊಂಡವರು. ನೀರು, ನೆರಳು, ಔಷಧ ಎಲ್ಲವೂ ಆರಂಭದ ಜಾಗದಲ್ಲಿಯೇ ಗುಂಪಾಗಿರುವುದು ಆ ತಂಡದ ಆಟದಿಂದ ಬಂದ ರೂಢಿ ಎಂದು ನನಗೆ ತೋರುತ್ತದೆ. ಆಟ ಬೆಳೆದರೂ ಅಂಗಳದ ಏರ್ಪಾಡು ಬೆಳೆಯಲಿಲ್ಲ.

ನನ್ನ ಅನುಭವ ಹೀಗಿದೆ. ಮೊದಲ ಮೂರು ಸುತ್ತುಗಳನ್ನು ತಲಾ ನಲವತ್ತು ನಿಮಿಷದಲ್ಲಿ ಮುಗಿಸಿದೆ. ರಸ್ತೆಯ ಶರ್ಯತ್ತುಗಳಲ್ಲಿ ಬೆಳೆದ ನಮ್ಮವರೆಲ್ಲ ಮಾಡುವ ತಪ್ಪು ಇದು, ಮುಂದೆ ಹೋಗುವವನ ಗಾಲಿಯನ್ನು ಕಂಡೊಡನೆ ಕಾಲು ತಾನಾಗಿ ಜೋರಾಗುತ್ತದೆ. ಆ ವೇಗದಲ್ಲಿ 750 ಮಿಲಿಲೀಟರಿನ ಒಂದು ಬಾಟಲಿ ಒಂದು ಸುತ್ತಿಗೆ ಸರಿಹೋಗುತ್ತಿತ್ತು. ಮಧ್ಯಾಹ್ನ ಒಂದರ ಹೊತ್ತಿಗೆ ಎಂಟನೆಯ ಸುತ್ತಿಗೆ ಹೊರಟಾಗ ಅದೇ ಒಂಬತ್ತು ಕಿಲೋಮೀಟರಿಗೆ ಒಂದು ತಾಸಿಗಿಂತ ಹೆಚ್ಚು ಬೇಕಾಗುತ್ತಿತ್ತು. ದಣಿವು ಹೆಚ್ಚಿದಂತೆ ಸುತ್ತು ಉದ್ದವಾಗುತ್ತದೆ, ಬಿಸಿಲು ಏರುತ್ತದೆ, ಬಾಟಲಿ ಮಾತ್ರ ಬೆಳಗಿನಷ್ಟೇ ಇರುತ್ತದೆ. ಅರ್ಧ ದಾರಿಗೆ ನೀರು ಮುಗಿಯಿತು, ಕೆಂಪು ಮಣ್ಣು ಜಾರುವ ಏರಿನಲ್ಲಿ ಎರಡೂ ತೊಡೆಗಳು ಸೆಟೆದುಕೊಂಡವು, ಸೈಕಲ್ಲನ್ನು ಪೊದೆಗೆ ಒರಗಿಸಿ ನೆಲಕ್ಕೆ ಕುಳಿತೆ. ಕೊನೆಗೆ ಆಡು ಮೇಯಿಸುತ್ತಿದ್ದ ಹುಡುಗನೊಬ್ಬ ತನ್ನ ಪ್ಲಾಸ್ಟಿಕ್ ಬಾಟಲಿಯಲ್ಲಿ ಉಳಿದಿದ್ದ ನೀರನ್ನೆಲ್ಲ ನನಗೆ ಕೊಟ್ಟ. ಅವನ ಊರು, ಹೆಸರು ಕೇಳುವಷ್ಟು ಎಚ್ಚರವೂ ಆಗ ನನಗಿರಲಿಲ್ಲ ಎಂಬ ನೋವು ಇಂದಿಗೂ ಇದೆ.

ನಾನು ಅಲ್ಲಿ ನಲವತ್ತು ನಿಮಿಷ ಕುಳಿತಿದ್ದರೂ ಆರಂಭದ ಜಾಗದಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ತಂಡದ ಸವಾರ ತಡಮಾಡಿದರೆ ಅವನಿಗಾಗಿ ಕಾದು ನಿಂತ ಜತೆಗಾರ ಗಾಬರಿಯಾಗಿ ವಿಚಾರಿಸುತ್ತಾನೆ. ಒಂಟಿ ಸವಾರನಿಗಾಗಿ ಕಾಯುವವರು ಇರುವುದಿಲ್ಲ. ಅವನು ವಿಶ್ರಾಂತಿಯಲ್ಲಿದ್ದಾನೋ, ಕಣಿವೆಗೆ ಬಿದ್ದಿದ್ದಾನೋ ಸುತ್ತು ಎಣಿಸುವವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಅರ್ಧ ದಾರಿಯಲ್ಲಿ ಕುಳಿತ ಒಬ್ಬರು ಪ್ರತಿ ಸವಾರನ ಸಂಖ್ಯೆಯನ್ನೂ ಗಂಟೆಯನ್ನೂ ವಹಿಯಲ್ಲಿ ಬರೆದುಕೊಂಡು, ಬಾರದವರ ಸಂಖ್ಯೆಯನ್ನು ವಾಕಿಟಾಕಿಯಲ್ಲಿ ಕೆಳಗೆ ತಿಳಿಸಿದರೆ ಸಾಕು. ಕಾಡಂಚಿನ ಗುಡ್ಡದಲ್ಲಿ ಮೊಬೈಲ್ ಸಿಗ್ನಲ್ ನಂಬುವಂಥದ್ದಲ್ಲ.

ನೀರಿನ ಜತೆಗೆ ಉಪ್ಪನ್ನು ಕೇಳುತ್ತಿರುವುದಕ್ಕೂ ಕಾರಣವಿದೆ. ಸಂಜೆಯ ಹೊತ್ತಿಗೆ ವಾಂತಿ ಮಾಡಿಕೊಂಡು ಕುಳಿತಿದ್ದ ಎಳೆಯ ಸವಾರನೊಬ್ಬನಿಗೆ ಸುತ್ತಲಿದ್ದವರು ಒಳ್ಳೆಯ ಮನಸ್ಸಿನಿಂದಲೇ ಬರೀ ನೀರನ್ನು ಮೇಲಿಂದ ಮೇಲೆ ಕುಡಿಸುತ್ತಿದ್ದರು. ಅವನಿಗೆ ಆಗಿದ್ದೇನೆಂದು ಹೇಳಲು ನಾನು ವೈದ್ಯನಲ್ಲ. ಆದರೆ ದೀರ್ಘ ಹೊತ್ತಿನ ಆಟಗಳಲ್ಲಿ ಬರೀ ನೀರನ್ನು ಅತಿಯಾಗಿ ಕುಡಿಯುವುದೂ ಅಪಾಯವೇ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಇರಬೇಕಾದುದಕ್ಕಿಂತ ಕೆಳಗಿಳಿದಿತ್ತು. ಓಟದ ನಡುವೆ ತೂಕ ಹೆಚ್ಚಿಸಿಕೊಂಡವರಲ್ಲಿ ಈ ತೊಂದರೆ ಹೆಚ್ಚಾಗಿ ಕಂಡಿತ್ತು. ಆದ್ದರಿಂದ ಆರಂಭದ ಜಾಗದಲ್ಲಿ ಒಂದು ತೂಕದ ಯಂತ್ರವನ್ನಿಟ್ಟು ಬೆಳಿಗ್ಗೆ, ಮಧ್ಯಾಹ್ನ ಸವಾರರನ್ನು ತೂಗಿದರೆ ನೀರು ಕಡಿಮೆಯಾದವನೂ ಮಿತಿಮೀರಿದವನೂ ಇಬ್ಬರೂ ಬೇಗ ಕಣ್ಣಿಗೆ ಬೀಳುತ್ತಾರೆ. ಒಂದು ಲೀಟರ್ ನೀರಿಗೆ ಕಲಸುವ ಓಆರ್‌ಎಸ್ ಪೊಟ್ಟಣ ಹಳ್ಳಿಯ ಔಷಧದ ಅಂಗಡಿಯಲ್ಲಿಯೂ ಸಿಗುತ್ತದೆ. ಊಟದ ವಿಷಯದಲ್ಲಿ ಸವಾರರೇ ಕಲಿಯಬೇಕು: ನಾನು ನೆಚ್ಚಿ ಒಯ್ದಿದ್ದ ಕರದಂಟು, ಕೊಬ್ಬರಿ ಗೋಡಂಬಿಗಳ ಜಿಡ್ಡಿನಿಂದಾಗಿ ಬೇಗ ಅರಗದೆ ಹೊಟ್ಟೆಯಲ್ಲಿ ಭಾರವಾಗಿ ಕುಳಿತಿತ್ತು, ಬಾಳೆಹಣ್ಣು, ಬೆಲ್ಲ ಕೈಹಿಡಿದವು.

ಒಂಟಿ ಸವಾರನಿಗೆ ರಿಯಾಯಿತಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಜಾಲಿ ಮುಳ್ಳಿಗೆ ಗಾಲಿ ಇಳಿದರೆ, ಚೈನು ಕಡಿದರೆ ಅವನೇ ಸರಿಮಾಡಿಕೊಳ್ಳಬೇಕು. ಅದು ಆಟದ ನಿಯಮ, ಅದರಲ್ಲಿಯೇ ಅದರ ಸೊಗಸೂ ಇದೆ. ನೀರು ಆ ಲೆಕ್ಕಕ್ಕೆ ಬರುವುದಿಲ್ಲ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ನಾಡಿಗೆ ಸೈಕಲ್ ಪಟುಗಳನ್ನು ಕೊಟ್ಟ ನೆಲ. ವಿಜಯಪುರದ ಕ್ರೀಡಾ ವಸತಿನಿಲಯದಲ್ಲಿ, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆಯಲ್ಲಿ ಮಕ್ಕಳು ಈ ಆಟಕ್ಕೇ ಬೆವರು ಸುರಿಸುತ್ತಾರೆ. ನಮ್ಮ ಜಾತ್ರೆಯ ಸೈಕಲ್ ಶರ್ಯತ್ತುಗಳಲ್ಲಿ ರಸ್ತೆಯ ಇಕ್ಕೆಲದಲ್ಲಿ ಊರಿಗೆ ಊರೇ ಕೊಡ, ತಂಬಿಗೆ ಹಿಡಿದು ನಿಂತಿರುತ್ತದೆ, ಹೀಗಾಗಿ ನೀರಿನ ಚಿಂತೆಯೇ ನಮಗೆ ಗೊತ್ತಿರಲಿಲ್ಲ. ಆ ಮಕ್ಕಳು ನಾಳೆ ರಸ್ತೆಯಿಂದ ಗುಡ್ಡಕ್ಕೆ ಹೊರಳಿದಾಗ ಅಲ್ಲಿ ಅವರ ಪಕ್ಕಕ್ಕೆ ಯಾರೂ ಇರುವುದಿಲ್ಲ.

ನಾನು ಆ ದಿನ ಹನ್ನೊಂದು ಸುತ್ತು, ಅಂದರೆ 99 ಕಿಲೋಮೀಟರ್ ಮುಗಿಸಿದೆ; ಈ ವರ್ಷವೂ ಹೆಸರು ಕೊಡುವ ಮನಸ್ಸಿದೆ. ಆದರೆ ಅರ್ಧ ದಾರಿಯಲ್ಲಿ ನಿಲ್ಲಲು ಜನ ಸಿಗಲಿಲ್ಲ ಎಂಬುದೊಂದೇ ಅಡ್ಡಿಯಾಗಿದ್ದರೆ, ಈ ಸಲ ಸೈಕಲ್ಲನ್ನು ಮನೆಯಲ್ಲಿಯೇ ಬಿಟ್ಟು, ಎರಡು ಕೊಡ ನೀರು ಮತ್ತು ಒಂದು ವಹಿಯೊಂದಿಗೆ ಹನ್ನೆರಡು ತಾಸು ಆ ಏರಿನಲ್ಲಿ ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ವಿಜಯಪುರ