ಫಾರ್ಮಸಿ ಕಲಿಸುವವರೂ ಪರಿಣತಿ ಪರೀಕ್ಷೆ ಬರೆಯುವಂತಾಗಲಿ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸರ್. ನಾನು ತುಮಕೂರಿನಲ್ಲಿ ಫಾರ್ಮ್‌ಡಿ (ಡಾಕ್ಟರ್ ಆಫ್ ಫಾರ್ಮಸಿ) ಓದುವ ಮಕ್ಕಳಿಗೆ ಪಾಠ ಮಾಡುವ ಉಪನ್ಯಾಸಕಿ. ಮಕ್ಕಳ ಜೊತೆ ವಾರ್ಡ್‌ನಲ್ಲಿ ರೋಗಿಗಳನ್ನು ನೋಡಲು ಹೋದ ಒಂದು ದಿನದ ರೌಂಡ್ಸ್ ಬಗ್ಗೆ ಹೇಳಬೇಕು.

ಪಾವಗಡ ಕಡೆಯ ಒಬ್ಬರು ಅಜ್ಜ. ಹೃದಯದ ಕವಾಟ ಬದಲಾಯಿಸಿದ್ದರಿಂದ ದಿನಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುತ್ತಿದ್ದರು. ಮಧ್ಯೆ ಕ್ಷಯ ಬಂತು. ಕ್ಷಯದ ಮಾತ್ರೆಯಲ್ಲಿರುವ ರಿಫಾಂಪಿಸಿನ್, ಲಿವರ್ ವಾರ್ಫರಿನ್ನನ್ನು ಬೇಗ ಖಾಲಿ ಮಾಡುವಂತೆ ಮಾಡುತ್ತದೆ. ಅದಕ್ಕೇ ವಾರ್ಫರಿನ್ ಡೋಸ್ ಏರಿಸಿದ್ದರು. ಆರು ತಿಂಗಳಿಗೆ ಕ್ಷಯದ ಮಾತ್ರೆ ಮುಗಿಯಿತು. ಏರಿಸಿದ ಡೋಸ್ ಮಾತ್ರ ಹಾಗೇ ಉಳಿಯಿತು. ನಾವು ನೋಡಿದಾಗ ವಸಡಿನಲ್ಲಿ ರಕ್ತ ಒಸರುತ್ತಿತ್ತು, ಮೊಣಕೈ ತನಕ ನೀಲಿ ಕಲೆ.

"ಮೇಡಂ, ಡೋಸ್ ಎಷ್ಟು ದಿನಕ್ಕೆ, ಎಷ್ಟೆಷ್ಟು ಇಳಿಸಬೇಕಿತ್ತು?" ಅಂತ ಹುಡುಗಿಯೊಬ್ಬಳು ಕೇಳಿದಳು. ಯಾಕೆ ಇಳಿಸಬೇಕು ಅನ್ನೋದನ್ನು ಬೋರ್ಡ್ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆ ಅಜ್ಜನಿಗೆ ಎಷ್ಟು, ಯಾವಾಗ ಅಂದರೆ ಬಾಯಿ ಕಟ್ಟಿತು. ಅವತ್ತಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಮ್ಮ ದೇಶದಲ್ಲಿ ಫಾರ್ಮ್‌ಡಿ ಶುರುವಾಗಿದ್ದು 2008ರಲ್ಲಿ. ಆರು ವರ್ಷದ ಓದು, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲೇ. ಆದರೆ ಕಲಿಸುವ ನಮ್ಮಲ್ಲಿ ಎಷ್ಟೋ ಜನ ಲ್ಯಾಬ್‌ನಿಂದ ಬಂದವರು, ವಾರ್ಡ್‌ನಲ್ಲಿ ಪಳಗಿದವರಲ್ಲ. ಅಮೆರಿಕದಲ್ಲಿ ಫಾರ್ಮಸಿಸ್ಟರ ಪರಿಣತಿ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡಲೆಂದೇ 1976ರಿಂದ ಒಂದು ಮಂಡಳಿ ಇದೆ, ಬೋರ್ಡ್ ಆಫ್ ಫಾರ್ಮಸಿ ಸ್ಪೆಷಾಲಿಟೀಸ್ ಅಂತ. ಕ್ಯಾನ್ಸರ್, ಮಕ್ಕಳು, ತೀವ್ರ ನಿಗಾ, ಸೋಂಕು, ಹೃದಯ, ಒಂದೊಂದಕ್ಕೂ ಬೇರೆ ಪರೀಕ್ಷೆ. ವಾರ್ಡ್ ಅನುಭವ ಇಲ್ಲದೆ ಕೂರುವ ಹಾಗಿಲ್ಲ. ಸರ್ಟಿಫಿಕೇಟಿಗೆ 7 ವರ್ಷ ಆಯಸ್ಸು, ಆಮೇಲೆ ನವೀಕರಿಸಬೇಕು. ನನಗೆ ತುಂಬಾ ಹಿಡಿಸಿದ್ದು ಇದೇ. ಔಷಧಿಗಳು ಬದಲಾಗುತ್ತಲೇ ಇರುತ್ತವೆ, ಅಲ್ವಾ?

ಹೊರದೇಶದವರೂ ಬರೆಯಬಹುದು. ಆದರೆ ಶುಲ್ಕ ನೂರಾರು ಡಾಲರ್, ನಮ್ಮ ಸಂಬಳಕ್ಕೆ ಜಾಸ್ತಿ. ಕಷ್ಟಪಟ್ಟು ಪಾಸಾದರೂ ನಾನು ಕಂಡ ಕಡೆ ಬಡ್ತಿಗೆ ಲೆಕ್ಕಕ್ಕಿಲ್ಲ, ಪಿಎಚ್‌ಡಿಗೆ ಮಾತ್ರ ಬೆಲೆ. ಹಾಗಾಗಿ ಯಾರೂ ಕೈ ಹಾಕುವುದಿಲ್ಲ.

ಪಾಸಾದವರ ಶುಲ್ಕವನ್ನು ಸರ್ಕಾರ ವಾಪಸ್ ಕೊಡಲಿ. ಬಡ್ತಿಯಲ್ಲಿ ಅದಕ್ಕೂ ಅಂಕ ಸಿಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೆ ಎರಡು ದಿನವಾದರೂ ನಮ್ಮನ್ನು ಜಿಲ್ಲಾಸ್ಪತ್ರೆಯ ವಾರ್ಡ್‌ಗೆ ಬಿಡಿ. ಅದಿಲ್ಲದೆ ಸುಮ್ನೆ ಪುಸ್ತಕ ಓದಿದರೆ ಆಗದು. ಮುಂದೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೇ ಕ್ಷಯ, ಹಾವು ಕಡಿತ, ಫ್ಲೋರೈಡ್ ನೀರಿನಿಂದ ಬರುವ ಫ್ಲೋರೋಸಿಸ್‌ನಂಥ ನಮ್ಮ ಸೀಮೆಯ ಕಾಯಿಲೆಗಳನ್ನೂ ಸೇರಿಸಿ ಇಂಥದ್ದೊಂದು ಪರೀಕ್ಷೆ ನಡೆಸಬಹುದು.

ಮೊದಲ ವರ್ಷ ಇಪ್ಪತ್ತು ಜನಕ್ಕೆ ಅವಕಾಶ ಕೊಡಿ ಸರ್. ನಾನು ಅರ್ಜಿ ಹಾಕುತ್ತೇನೆ.

ಇಂತಿ,
ಫಾರ್ಮಸಿ ಉಪನ್ಯಾಸಕಿ, ತುಮಕೂರು