ಹೊಳೆ ಹಿಡಿದು ಹೋಗು

ಚಿ. ಪುಟ್ಟಿಗೆ ಅಜ್ಜನ ಆಶೀರ್ವಾದಗಳು.

ಜರ್ಮನಿಯ ಸ್ಟುಟ್‌ಗಾರ್ಟ್ ಸೇರಿ ಮೂರು ತಿಂಗಳಾಯಿತು, ಆಫೀಸು, ರೂಮು ಬಿಟ್ಟರೆ ಏನೂ ನೋಡಿಲ್ಲ ಅಂದೆ. ಭಾನುವಾರ ಅಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ. ಸುಮ್ನೆ ರೂಮಿನಲ್ಲಿ ಕೂತು ಮಾಡುವುದೇನು? ರೈಲು ಹತ್ತು. ಭೂಗೋಳದ ಮೇಷ್ಟ್ರಾಗಿದ್ದವನ ಮಾತು ಕೇಳು: ಊರುಗಳ ಪಟ್ಟಿ ಹಿಡಿಯಬೇಡ, ಹೊಳೆ ಹಿಡಿ.

ಮೊದಲು ನೆಕ್ಕಾರ್. ಟ್ಯೂಬಿಂಗೆನ್, ಎಸ್ಲಿಂಗೆನ್, ನಿನ್ನ ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್ ಎಲ್ಲ ಅದರ ದಂಡೆಯವೇ. ಮ್ಯಾನ್‌ಹೈಮ್‌ನಲ್ಲಿ ಅದು ರೈನ್ ಸೇರುತ್ತದೆ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಶುರುವಾದದ್ದು 1386ರಲ್ಲಿ. ನಮ್ಮ ವಿಜಯನಗರಕ್ಕೆ ಆಗ ಬರೀ 50 ವರ್ಷ!

ಆಮೇಲೆ ಡ್ಯಾನ್ಯೂಬ್. ಇದನ್ನು ಬೇಸಿಗೆಯಲ್ಲೇ ನೋಡಬೇಕು. ಇಮ್ಮೆಂಡಿಂಗೆನ್ ಊರಿನ ಹತ್ತಿರ ಹೊಳೆಯೇ ಮಾಯ. ತಳದಲ್ಲಿ ಸುಣ್ಣಕಲ್ಲು, ಬಿರುಕುಗಳಲ್ಲಿ ನೀರು ಇಳಿದುಹೋಗುತ್ತದೆ. ಎಲ್ಲಿಗೆ? 1877ರಲ್ಲಿ ಟನ್‌ಗಟ್ಟಲೆ ಉಪ್ಪು, ಜೊತೆಗೆ ಬಣ್ಣ ಸುರಿದು ಕಾದರು. ಸುಮಾರು 60 ಗಂಟೆಯ ಮೇಲೆ, ಬೆಟ್ಟದ ಆಚೆ ಆಖ್‌ ಬುಗ್ಗೆಯಲ್ಲಿ ಹಸಿರು ಉಪ್ಪುನೀರು ಎದ್ದಿತು! ಅಲ್ಲಿಂದ ಅದು ಬೋಡೆನ್‌ಸೀ ಸರೋವರ ಸೇರಿ ರೈನ್ ಪಾಲು. ಕಪ್ಪು ಸಮುದ್ರಕ್ಕೆ ಹೊರಟ ನೀರು ಉತ್ತರ ಸಮುದ್ರಕ್ಕೆ ಹೋಯಿತು. ನಮ್ಮ ಘಟ್ಟದಲ್ಲಿ ನೇತ್ರಾವತಿ ಪಡುವಣಕ್ಕೆ, ಹೇಮಾವತಿ ಮೂಡಣಕ್ಕೆ ಹರಿಯುತ್ತವೆ, ಅಲ್ವಾ? ಹೇಮಾವತಿಯನ್ನು ನೇತ್ರಾವತಿ ನೆಲದೊಳಗಿಂದ ಕದ್ದ ಹಾಗೆ ಇದು.

ಒಂದು ಎಚ್ಚರಿಕೆ. ಕಾರ್ಲ್ಸ್‌ರೂಹೆ, ಫ್ರೈಬುರ್ಗ್ ಕಡೆಯವರನ್ನು ನಿನ್ನ ಸ್ಟುಟ್‌ಗಾರ್ಟ್ ಕಡೆಯವರ ಹಾಗೆ ಶ್ವಾಬಿಯನ್ನರು ಅಂದುಬಿಡಬೇಡ. ಅವರು ಬಾಡೆನ್‌ನವರು. ಎರಡೂ ಕಡೆ ಸೇರಿ ನೀನಿರುವ ಬಾಡೆನ್-ವುರ್ಟೆಂಬರ್ಗ್ ಒಂದು ರಾಜ್ಯವಾದದ್ದು 1952ರಲ್ಲಿ. ನಾವು ಒಂದಾಗಿದ್ದು 1956ರಲ್ಲಿ, ಹಳೇ ಮೈಸೂರಿನವರು, ಉತ್ತರ ಕರ್ನಾಟಕದವರು ಅನ್ನುವುದು ಇನ್ನೂ ಬಿಟ್ಟಿಲ್ಲ. ಅವರೂ ಹಾಗೆಯೇ ಅಂದುಕೋ.

ಕೊನೆಗೆ ನನ್ನ ಸ್ವಾರ್ಥ. 'ಮಂಗಳೂರ ಸಮಾಚಾರ' ಶುರುಮಾಡಿದ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗೆನ್‌ನಲ್ಲಿ. ನಿನ್ನ ಮನೆಯಿಂದ ಕಾಲು ಗಂಟೆಯ ದಾರಿಯಂತೆ. ನಿಘಂಟಿನ ಕಿಟ್ಟೆಲ್ 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ. ಇಬ್ಬರೂ ಅದೇ ನೆಕ್ಕಾರ್ ದಂಡೆಯಲ್ಲಿ. ಕಿಟ್ಟೆಲ್ ನಿಘಂಟು ನನ್ನ ಮೇಜಿನ ಮೇಲಿದೆ, ರಟ್ಟು ಕಿತ್ತುಹೋಗಿದೆ. ಮುಂದಿನ ಭಾನುವಾರ ಟ್ಯೂಬಿಂಗೆನ್‌ಗೆ ಹೋಗಿ ಹೊಳೆಯ ಒಂದು ಫೋಟೋ ಕಳಿಸು. ಸೆಲ್ಫಿ ಬೇಡ, ಹೊಳೆ ಕಾಣಲಿ.

ಇಂತಿ,
ನಿನ್ನ ಅಜ್ಜ